ಹತ್ತೊಂಬತ್ತರಿಂದ ಭಾಗವಾದ ಸಂಖ್ಯೆ

ನಮ್ಮ ಗಣಿತದ ಸರ್ ಬಲಗೈ ತೋರುಬೆರಳಿನ ಉಗುರನ್ನು ಉದ್ದ ಬೆಳೆಸಿದ್ದರು. ಸೀಮೆಸುಣ್ಣ ಮೆತ್ತಿಕೊಂಡ ಆ ಉಗುರಿನಿಂದ, ತಪ್ಪು ಮಾಡಿದವರ ನೆತ್ತಿಗೆ ಕುಕ್ಕುತ್ತಿದ್ದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡುವವರು ಆಡಲಿ, ನನ್ನಿಂದಾಗದು.

ಚೆಂಬೂರಿನ ಚಾಳಿನ ಒಂದು ಖೋಲಿಯಲ್ಲಿ ಅವರ ಟ್ಯೂಷನ್. ವಿಜಾಪುರದ ಕಡೆಯವರು. ನಮ್ಮಂಥ, ಗಾರೆ ಕೆಲಸದ ಗೌಂಡಿಗಳ ಮಕ್ಕಳಿಗೆ ಬಿಟ್ಟಿ ಕಲಿಸುತ್ತಿದ್ದರು, ಅದನ್ನು ದಿನಕ್ಕೆರಡು ಸಲ ನೆನಪಿಸುತ್ತಲೂ ಇದ್ದರು. "ನಾ ಹೇಳಿದ್ದು ಬರಕೋರಿ, ತಲಿ ಓಡಸಬ್ಯಾಡ್ರಿ" ಎನ್ನುವುದು ಅವರ ಮಂತ್ರ. ಗಣಿತದ ಮಾಸ್ತರರು ಆಡುವ ಮಾತೇ ಇದು?

ನಾನಾಗ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ಒಂದು ದಿನ ಬೋರ್ಡಿನ ಮೇಲೆ ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು ಎಂದು ಬರೆದು, ಎಲ್ಲವನ್ನೂ ಗುಣಿಸಿ ಒಂದು ಕೂಡಿಸಿದರು. ೫,೧೦,೫೧೧ ಬಂತು. ಈ ಏಳರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ಹಾಗಾಗಿ ಇದು ಅವಿಭಾಜ್ಯ ಸಂಖ್ಯೆ, ಯಾವುದರಿಂದಲೂ ಒಡೆಯುವುದಿಲ್ಲ ಎಂದರು. ಹದಿನೇಳಕ್ಕೇ ಯಾಕೆ ನಿಲ್ಲಬೇಕು? ನಾನು ಹತ್ತೊಂಬತ್ತರಿಂದ ಭಾಗಿಸಿದೆ. ಶೇಷ ಸೊನ್ನೆ. ಎದ್ದು ನಿಂತು ಹೇಳಿಬಿಟ್ಟೆ.

ನನ್ನ ಲೆಕ್ಕ ನೋಡಲೂ ಇಲ್ಲ. ನೆತ್ತಿಗೆ ಕುಕ್ಕಿದರು. ಪವಾಯಿಯಲ್ಲಿ ನಡೆಯುವ ಗಣಿತ ಶಿಬಿರಕ್ಕೆಂದು ಅವರೇ ಬರೆದುಕೊಂಡಿದ್ದ ನನ್ನ ಹೆಸರನ್ನು ಎಲ್ಲರೆದುರು ಹೊಡೆದುಹಾಕಿದರು. ಸಂಜೆ ಅಪ್ಪ ಸಿಮೆಂಟಿನ ಕೈಯಲ್ಲೇ ಓಡಿಬಂದು ನನ್ನನ್ನು ಅವರ ಮುಂದೆ ನಿಲ್ಲಿಸಿದ.

"ತಪ್ಪಾತರಿ ಅನ್ನವ್ವಾ. ಕಲಿಸೋರ ಮುಂದ ನಮ್ಮದೇನೈತಿ?"

ಅಪ್ಪನ ಮುಖ ನೋಡಿ ಅಂದೆ. ಆದರೂ ಹೆಸರು ಮತ್ತೆ ಸೇರಲಿಲ್ಲ. ಮನೆಗೆ ಬಂದು, ಭಾಗಿಸಿದಾಗ ಬಂದಿದ್ದ ೨೬,೮೬೯ ಅನ್ನೂ ಹಟ ಹಿಡಿದು ಒಡೆದೆ. ತೊಂಬತ್ತೇಳನ್ನು ಇನ್ನೂರ ಎಪ್ಪತ್ತೇಳರಿಂದ ಗುಣಿಸಿದರೆ ಅದು. ಯಾರಿಗೆ ತೋರಿಸಲಿ? ಗಣಿತವನ್ನೇ ಓದಬೇಕೆಂದಿದ್ದವಳು ಕೊನೆಗೆ ಪರೇಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆದೆ. ಕೆಲಸದ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೇಲಿದೆ.

ಹೋದ ವರ್ಷ ಅವರು ನಮ್ಮ ವಾರ್ಡಿಗೇ ಬಂದರು. ಎಲುಬು ಚಕ್ಕಳವಾಗಿದ್ದರು. ನನ್ನ ಗುರುತು ಹಿಡಿದು ಹತ್ತಿರ ಕರೆದರು.

"ಹತ್ತೊಂಬತ್ತರಿಂದ ಭಾಗ ಹೋಗತಿತ್ತವ್ವಾ. ನೀ ಹೋದ ಮ್ಯಾಲೆ ಅವತ್ತ ಮಾಡಿ ನೋಡಿದ್ದೆ."

ಮೈಯೆಲ್ಲ ಉರಿಯಿತು. ಅಂದೇ ಗೊತ್ತಿತ್ತು! ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಲವತ್ತು ಮಕ್ಕಳ ಮುಂದೆ ಹೇಗೆ ಹೇಳಲಿ ಎಂದರು. ತಪ್ಪಾಯಿತು ಎಂಬ ಮಾತು ಬರಲೇ ಇಲ್ಲ. ಬದಲಿಗೆ ಕಣ್ಣಲ್ಲಿ ಹಳೆಯ ಜಂಬ ಬಂತು.

"ಆದ್ರ ಇಪ್ಪತ್ತಾರು ಸಾವಿರದ ಎಂಟನೂರಾ ಅರವತ್ತೊಂಬತ್ತು ಬರತದಲ್ಲ, ಅದು ಮಾತ್ರ ಅವಿಭಾಜ್ಯ ಐತಿ. ಹೌದಿಲ್ಲೋ?"

ತೊಂಬತ್ತೇಳು, ಇನ್ನೂರ ಎಪ್ಪತ್ತೇಳು ಎಂಬ ಉತ್ತರ ನಾಲಗೆಯ ತುದಿಯಲ್ಲಿತ್ತು.

"ಹೌದ್ರಿ ಸರ" ಎಂದೆ.

ತೃಪ್ತಿಯಿಂದ ಕಣ್ಣು ಮುಚ್ಚಿದರು. ಮರುದಿನ ಹೋಗಿಬಿಟ್ಟರು. ಸಾಯುವವರ ಮೇಲೆ ಕರುಣೆಯಿಂದ ಹಾಗೆಂದೆ ಎಂದು ಯಾರಾದರೂ ತಿಳಿದರೆ ತಿಳಿಯಲಿ. ಆ ತಪ್ಪನ್ನು ಹೊತ್ತುಕೊಂಡೇ ಹೋಗಲಿ ಎಂದು ನಾನು ತಿದ್ದಲಿಲ್ಲ.