ಒಬ್ಬರೇ ಮೆಡಿಕ್ ಇದ್ದ ಗಣಿಯಲ್ಲಿ

ಈಗ ನಾನು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ, ಕಿಟಕಿಗಳಿರುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆದರೂ ಮೀಟಿಂಗಿನಲ್ಲಿ ಯಾರಾದರೂ ಫೋನನ್ನು ಸ್ಪೀಕರಿಗೆ ಹಾಕಿದರೆ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತೇನೆ. ಹಿಂದೆ ನಾನು ಕೆಲಸ ಮಾಡಿದ ಗಣಿಯ ಫೋನಿಗೂ ಸ್ಪೀಕರೇ ಇದ್ದದ್ದು. ಒಬ್ಬರು ಮಾತಾಡಿದರೆ ನೆಲದಡಿಯಲ್ಲಿ ಎಲ್ಲರಿಗೂ, ಮೇಲಿನ ಕಂಟ್ರೋಲ್ ರೂಮಿಗೂ ಕೇಳುತ್ತಿತ್ತು.

ಗಣಿ ಸಿಡ್ನಿಯ ದಕ್ಷಿಣಕ್ಕಿತ್ತು. ಸುರಂಗದ ಗೋಡೆ, ಚಾವಣಿ ಗಟ್ಟಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ಕಲ್ಲಿದ್ದಲು ತೆಗೆಯುತ್ತಿದ್ದದ್ದು ಎರಡು ಕಡೆ, ಒಂದಕ್ಕೊಂದು ಬಹಳ ದೂರ. ಪೆಟ್ಟಾದವರನ್ನು ನೋಡುವ ಮೆಡಿಕ್ ಮಾತ್ರ ಶಿಫ್ಟಿಗೆ ಒಬ್ಬರೇ. ಒಬ್ಬರು ಎರಡು ಕಡೆ ಇರಲಾರರು ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದೇ ಹೊತ್ತಿಗೆ ಎರಡೂ ಕಡೆ ಏನೂ ಆಗಲಿಕ್ಕಿಲ್ಲ ಎಂಬ ಧೈರ್ಯದ ಮೇಲೆ ದಿನ ಸಾಗುತ್ತಿತ್ತು.

ನಮ್ಮ ಶಿಫ್ಟಿನ ಮೆಡಿಕ್ ಮಂಗಳೂರಿನ ಕಡೆಯ ಕ್ಯಾಥೊಲಿಕ್ ಹೆಂಗಸು, ಹಿಂದೆ ನರ್ಸ್ ಆಗಿದ್ದವರು. ಮೊದಲ ದಿನ ನಾನು ಆಂಟಿ ಎಂದಿದ್ದಕ್ಕೆ, “ಇನ್ನೊಮ್ಮೆ ಆಂಟಿ ಅಂದ್ರೆ ದಪ್ಪ ಸೂಜಿ ಹಾಕ್ತೇನೆ ಮಾರಾಯ” ಎಂದಿದ್ದರು. ಅಂದಿನಿಂದ ಅಕ್ಕ.

ಆ ಬೆಳಿಗ್ಗೆ ಆಚೆ ಕಡೆಯ ಒಬ್ಬನಿಗೆ ಎದೆನೋವೆಂದು ಅಕ್ಕ ಅಲ್ಲಿಗೆ ಹೋಗಿದ್ದರು. ಅದೇ ಹೊತ್ತಿಗೆ ನಮ್ಮ ಕಡೆ ಗೋಡೆಯಿಂದ ಕಲ್ಲಿದ್ದಲಿನ ಒಂದು ಚಪ್ಪಡಿ ಕಳಚಿ, ಯಂತ್ರ ರಿಪೇರಿ ಮಾಡುವ ಫಿಟ್ಟರನೊಬ್ಬನ ತೊಡೆಯ ಮೇಲೆ ಬಿತ್ತು. ಸದ್ದು ದೊಡ್ಡದಾಗಿರಲಿಲ್ಲ, ಚೀಲ ಇಳಿಸಿದಷ್ಟೇ. ಜೊತೆಯಲ್ಲಿದ್ದ ಇಬ್ಬರು ಅದನ್ನು ಸರಿಸಿ ಅವನನ್ನು ಫೋನಿನ ಬಳಿಗೆ ಎಳೆದು ತಂದರು. ಕಾಲಿಗೆ ಪೆಟ್ಟು ಎಂದು ನಾನು ಕಂಟ್ರೋಲಿಗೆ ತಿಳಿಸಿದೆ. ಅವರು ರಸ್ತೆಯ ಆಂಬುಲೆನ್ಸ್ ಕರೆದು ಲೈನನ್ನು ಅಕ್ಕನಿಗೆ ಬಿಟ್ಟರು. ಮೆಡಿಕ್ ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕಬಾರದು. ಅದು ಅಲ್ಲಿಯ ಕಟ್ಟುನಿಟ್ಟಿನ ನಿಯಮ.

“ಅವನಿಗೆ ಎಚ್ಚರ ಉಂಟಾ?” ಅಕ್ಕ ಕನ್ನಡದಲ್ಲಿ ಕೇಳಿದರು.

“ಐತ್ರಿ. ನಮ್ಮನ್ನ ನೋಡಾಕತ್ತಾನ,” ಎಂದೆ ನಾನು.

“ಹಾಗಾದ್ರೆ ಒಂದು ಇಂಗ್ಲಿಷ್ ಶಬ್ದವೂ ಬೇಡ. ಅವ ಕೇಳಿ ಹೆದರಿದ್ರೆ ಎದೆ ಇನ್ನೂ ಜೋರಾಗಿ ಹೊಡ್ಕೊಳ್ತದೆ. ನೆತ್ತರು?”

“ಭಾಳ ಹೋಗೈತಿ. ನಿಂತಿಲ್ಲ.”

ಗಾಯದ ಮೇಲ್ಗಡೆ ಪಟ್ಟಿ ಸುತ್ತಿ, ಅದಕ್ಕೆ ಕೋಲು ಸಿಕ್ಕಿಸಿ ತಿರುಗಿಸಿ ಬಿಗಿಯುವುದನ್ನು ಹೇಳಿಕೊಟ್ಟರು. “ಕಿರುಚಿದ್ರೂ ಬಿಡ್ಬೇಡ.” ಅವನು ಕಿರುಚಿದ. ನಾನು ಬಿಡಲಿಲ್ಲ. ಅರ್ಧ ಇಂಗ್ಲಿಷ್ ಇಲ್ಲದೆ ಒಂದು ವಾಕ್ಯವನ್ನೂ ಮುಗಿಸದ ನಾವಿಬ್ಬರು, ಅಲ್ಲಿ ಅಜ್ಜಿಯರ ಹಾಗೆ ಮಾತಾಡುತ್ತಿದ್ದೆವು.

“ಇವ ರಸ್ತೆಯಲ್ಲಿ ಹೋದ್ರೆ ಉಳಿಯುವುದಿಲ್ಲ,” ಎಂದರು ಅಕ್ಕ. “ಹಾರುವ ಗಾಡಿಯೇ ಬೇಕು. ಇಲ್ಲಿಯವನಿಗೆ ಈಗ ಅಡ್ಡಿಯಿಲ್ಲ, ನಾನು ಹೊರಟೆ.”

“ಆತ್ರಿ ಅಕ್ಕ.”

ಫಿಟ್ಟರ್ ನನ್ನ ತೋಳು ಹಿಡಿದು, “ಏನಂತೆ?” ಎಂದ ಇಂಗ್ಲಿಷಿನಲ್ಲಿ.

“ನೀನು ಚೆನ್ನಾಗಿದ್ದೀಯಂತೆ.”

“ಅಷ್ಟು ಹೇಳೋದಕ್ಕೆ ಇಷ್ಟುದ್ದ ಮಾತೇ? ಕಷ್ಟದ ಭಾಷೆ ನಿಮ್ಮದು,” ಎಂದು ನಗಲು ನೋಡಿದ. ಹೆಲ್ಮೆಟ್ಟಿನ ದೀಪದಲ್ಲಿ ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾತು ನಿಧಾನವಾಗಿ ಕಡಿಮೆಯಾಯಿತು. ನಾನು ಕೋಲನ್ನು ಒತ್ತಿ ಹಿಡಿದು ಸುರಂಗದ ತಿರುವನ್ನೇ ನೋಡುತ್ತಿದ್ದೆ.

ಕೊನೆಗೆ ಅಕ್ಕನ ಗಾಡಿಯ ಬೆಳಕು ಕಂಡಿತು. ಅಕ್ಕ ಇಳಿದವರೇ ಮಂಡಿಯೂರಿ ಅವನ ನಾಡಿ ಹಿಡಿದರು.

“ಹಾರುವ ಗಾಡಿ ಹೊರಟಿತಾ?”

“ನೀವು ಹೇಳಿಲ್ಲೇನ್ರಿ?”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಹೇಳುತ್ತೇನೆಂದು ಅವರು, ಅವರು ಹೇಳುತ್ತಾರೆಂದು ನಾನು. ಕಂಟ್ರೋಲ್ ರೂಮಿನವರು ಅಷ್ಟನ್ನೂ ಕೇಳಿಸಿಕೊಂಡಿದ್ದರು. ಮೆಡಿಕ್ ಕೆಲಸ ಮಾಡುತ್ತಿದ್ದಾರೆ ಎಂದು, ಅರ್ಥವಾಗದ ಭಾಷೆಗೆ ಮರ್ಯಾದೆ ಕೊಟ್ಟು ಸುಮ್ಮನೆ ಕೂತಿದ್ದರು.

ಅಕ್ಕ ಫೋನಿಗೆ ಬಾಯಿಟ್ಟು ಇಂಗ್ಲಿಷಿನಲ್ಲಿ ಹೇಳಿದರು: “ಹೆಲಿಕಾಪ್ಟರ್ ಕರೆಸಿ. ತೊಡೆಯ ದೊಡ್ಡ ರಕ್ತನಾಳ ಹರಿದಿದೆ. ಸಾಯುವ ಸ್ಥಿತಿಯಲ್ಲಿದ್ದಾನೆ.”

ಸ್ಪೀಕರ್ ಅದನ್ನು ಗಣಿಗೆಲ್ಲ ಕೇಳಿಸಿತು. ಫಿಟ್ಟರ್ ಕಣ್ಣು ತೆರೆದ.

“ನನ್ನ ಬಗ್ಗೆಯೇ?”

“ಹೌದು,” ಎಂದರು ಅಕ್ಕ.

ಅವನು ಹೆದರಲಿಲ್ಲ. ಪಕ್ಕದಲ್ಲಿದ್ದವನಿಗೆ ತನ್ನ ಹೆಂಡತಿಯ ನಂಬರ್ ಹೇಳಿ, ಆಮೇಲೆ ಕಣ್ಣು ಮುಚ್ಚಿದ.

ಅವನು ಬದುಕಿದ. ಕಾಲು ಉಳಿಯಲಿಲ್ಲ. ನಮ್ಮ ತಡದಿಂದಲೇ ಹೋಯಿತೋ, ಅದು ಮೊದಲೇ ಹೋಗಿತ್ತೋ ಎಂಬುದನ್ನು ಸಿಡ್ನಿಯ ಡಾಕ್ಟರುಗಳು ಹೇಳಲಿಲ್ಲ. ಎರಡೂ ಕಡೆ ಕೆಲಸ ನಡೆಯುವ ಶಿಫ್ಟಿಗೆ ಇಬ್ಬರು ಮೆಡಿಕ್‌ಗಳು ಬೇಕೆಂದು ಅಕ್ಕ ಪಟ್ಟುಹಿಡಿದರು, ಗಣಿಯವರು ಒಪ್ಪಿದರು.

ನಾನು ಮೆಲ್ಬರ್ನ್‌ಗೆ ಹೊರಡುವ ಮುನ್ನ ನಾವಿಬ್ಬರೂ ಅವನನ್ನು ನೋಡಲು ಆಸ್ಪತ್ರೆಗೆ ಹೋದೆವು. ಅವತ್ತು ಕನ್ನಡದಲ್ಲಿ ಆಡಿದ್ದನ್ನೆಲ್ಲ ಅಕ್ಕ ಒಂದೊಂದಾಗಿ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡ.

“ಫೋನು ನನ್ನ ತಲೆಯ ಹತ್ತಿರವೇ ಇತ್ತು,” ಎಂದ. “ನನಗೆ ಹೇಳಿದ್ದರೆ ನಾನೇ ಕೂಗಿ ಹೆಲಿಕಾಪ್ಟರ್ ಕರೆಸುತ್ತಿದ್ದೆ.”