ಗುಂಪು ನನಗೆ ದಾರಿ ಬಿಟ್ಟ ದಿನ

ನಾನು ಮೊಳಕಾಲ್ಮೂರಿನಲ್ಲಿ ಮೇಷ್ಟ್ರಾಗಿದ್ದಾಗ ಊರಿಗೆ ವಾಂತಿಭೇದಿ ಬಂತು. ಬಾವಿಗಳಿಗೆ ಔಷಧಿ ಹಾಕಲು ಚಳ್ಳಕೆರೆಯಿಂದ ಆಳೊಬ್ಬ ಬರುತ್ತಾನೆ, ನೀರು ಕೆಂಪಾದರೆ ಹೆದರಬೇಡಿ ಎಂದು ಊರವರಿಗೆ ಓದಿ ಹೇಳಬೇಕಾದ ಮಹಾರಾಜರ ಸರ್ಕಾರದ ಕಾಗದ ನನ್ನ ಕೈಗೇ ಬಂದಿತ್ತು. ಕೈಗೆ ಎಂದರೆ ತಪ್ಪಾದೀತು. ತಳವಾರ ಅದನ್ನು ಜಗುಲಿಯ ಮೇಲೆ ಎಸೆದು ಹೋಗಿದ್ದ. ವಿದ್ವಾಂಸನಾದ ನನಗೆ ಈ ಅಪಚಾರ ಸಹಿಸಲಾಗಲಿಲ್ಲ. ಅವನು ಬಂದು ತಪ್ಪೊಪ್ಪಿಕೊಳ್ಳುವವರೆಗೆ ಊರಿಗೆ ಓದಿ ಹೇಳಕೂಡದೆಂದು ನಿಶ್ಚಯಿಸಿ ಕಾಗದವನ್ನು ಪಂಚಾಂಗದೊಳಗೆ ಇಟ್ಟೆ.

ಮೂರನೆಯ ದಿನ ಆಳು ಬಂದ, ಬಾವಿ ಕೆಂಪಾಯಿತು.

"ವಿಷ ಹಾಕವ್ನೆ ಕಣ್ರಲೇ!" ಎಂದು ಯಾರೋ ಕೂಗಿದರು. ಹಿಂದಿನ ವಾರ ಹೆಣ ಹೊತ್ತವರೆಲ್ಲ ಓಡಿಬಂದು ಆಳನ್ನು ಸುತ್ತುಗಟ್ಟಿದರು. ನಾನೂ ಓಡಿದೆ, ನಿಜ ಹೇಳುವುದಕ್ಕೆಂದೇ.

"ಮೇಷ್ಟ್ರು ಬಂದ್ರು, ದಾರಿ ಬಿಡ್ರಲೇ!"

ಆರು ವರ್ಷಗಳಲ್ಲಿ ಆ ಊರು ನನಗೆ ದಾರಿ ಬಿಟ್ಟದ್ದು ಅದೇ ಮೊದಲು. ಎದೆ ಉಬ್ಬಿತು. ನಿಜ ಹೇಳಿದರೆ ಕಾಗದದ ವಿಷಯವೂ ಹೊರಬೀಳುತ್ತದೆ. ಬಾಯಿ ತೆರೆದೆ. ಹೊರಟದ್ದು "ಹೊಡೀರಿ!" ಎಂಬ ಮಾತು.

ಹೊಡೆದರು. ಅವನ ತೋಳು ಮುರಿಯಿತು.

ಅಂದಿನಿಂದ ನನಗೆ ಅನ್ನ ಸೇರದಾಯಿತು. ಗಾಡಿ ಕಟ್ಟಿಸಿಕೊಂಡು ಚಳ್ಳಕೆರೆಯ ಮುದುಕ ಹಕೀಮರಲ್ಲಿಗೆ ಹೋಗಿ, ಪಿತ್ತವೆಂದೆ. ಅವರು ನಾಡಿ ಹಿಡಿದು, ಇದು ಎಂದಿನಿಂದ ಎಂದು ಕೇಳಿದರು. ಜನರ ಭಯ, ಜನರ ಅಜ್ಞಾನ, ಗುಂಪಿನ ಉನ್ಮಾದ ಇವುಗಳ ಮೇಲೆ ಒಂದು ಉಪನ್ಯಾಸವನ್ನೇ ಕೊಟ್ಟೆ.

"ಜನರದ್ದು ಇರ್ಲಿ ಮೇಷ್ಟ್ರೇ. ನೀವೇನ್ ಮಾಡಿದ್ರಿ?"

ಮತ್ತೆ ಜನರ ಬಗ್ಗೆಯೇ ಹೇಳಿದೆ. ಅವರು ಕೈ ಬಿಡದೆ ಅದನ್ನೇ ಕೇಳಿದರು. ನಾಲ್ಕನೆಯ ಸಲಕ್ಕೆ ಕಾಗದ ಬಚ್ಚಿಟ್ಟದ್ದು, ಕೂಗಿದ್ದು ಎರಡೂ ಹೊರಬಂದವು. ಇನ್ನು ಚೂರ್ಣ ಕೊಡುತ್ತಾರೆಂದು ಕಾದೆ.

"ಇದ್ನ ಅವ್ನಿಗೆ ಹೇಳ್ರಿ. ಹಿಂದಿನ ಬೀದೀಲೇ ಐತೆ ಮನೆ, ಅವ್ನ ತೋಳಿಗೆ ಪಟ್ಟಿ ಕಟ್ಟಿದೋನು ನಾನೇ," ಎಂದು ಹಕೀಮರು ಚಪ್ಪಲಿ ಮೆಟ್ಟಿ ನನ್ನ ಜೊತೆಗೇ ಹೊರಟರು. ನಾನು ಓಡಿಹೋಗುವೆನೆಂಬ ಅನುಮಾನ ಅವರಿಗಿತ್ತು. ನನಗೂ ಇತ್ತು.

ತೋಳನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ ಆಳು ಎಲ್ಲವನ್ನೂ ಕೇಳಿಸಿಕೊಂಡ.

"ನಿಮ್ಮನ್ನ ನೋಡಿದ್ದೆ ಬುದ್ಧೀ," ಎಂದ. "ಕೋಟು, ರುಮಾಲು ನೋಡಿ, ಓದಿದೋರು ಬಂದ್ರು, ಇನ್ನು ಬದುಕ್ದೆ ಅಂದ್ಕೊಂಡೆ."

ನಾನು ರುಮಾಲು ತೆಗೆದು ಕೈಯಲ್ಲಿ ಹಿಡಿದೆ.

ಅವನೇ ಮುಂದುವರಿಸಿದ: "ನಿಮ್ಮೂರಲ್ಲಿ ಇನ್ನೂ ಮೂರು ಬಾವಿ ಉಳಿದವೆ. ಸೋಮವಾರ ಬರ್ತೀನಿ, ಒಂದು ಕೈ ಐತಲ್ಲ. ನೀವು ನನ್ನ ಮುಂದೆ ನಡೀತೀರಾ?"

"ನಡೀತೀನಿ," ಎಂದೆ.

"ಜೋರಾಗಿ ಹೇಳ್ರಿ," ಎಂದರು ಹಕೀಮರು. "ಅವತ್ತು ಚೆನ್ನಾಗೇ ಕೂಗಿದ್ರಂತಲ್ಲ."