ಅಮ್ಮನೊಂದಿಗೆ ಮಾರ್ಮನ್ ಯಾತ್ರೆ

ನಮ್ಮ ಕಡೆ ‘ಮಾರ್ಮನ್’ ಎಂಬ ಪದವನ್ನು ಜೋರಾಗಿ ಹೇಳಬಾರದು. ಹೇಳಿದರೆ ಜನ ಚಪ್ಪಲಿ ಬಿಡುತ್ತಾರೆ.

ಇದು ನನಗೆ ಗೊತ್ತಾದದ್ದು ಕಳೆದ ತಿಂಗಳು, ಅಮ್ಮನ ಜೊತೆ ಚಿನ್ನದ ಗಣಿ ಊರಿನ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತಿದಾಗ. “ನಂದಿದುರ್ಗದ ಲೈನ್ ಹತ್ತಿರ ಹಿಂದೆ ಮಾರ್ಮನ್ನರ ಸಭೆ ನಡೀತಿತ್ತಲ್ಲ, ಆ ಮನೆಗೆ ಹೋಗಬೇಕು” ಎಂದೆ. ಆಟೋದವನು ತಿರುಗಿಯೂ ನೋಡದೆ, “ಮಾರಮ್ಮನ್ ಗುಡಿ ತಾನೇ? ಕೂತ್ಕೋ ಅಕ್ಕ” ಎಂದ. ಐದು ನಿಮಿಷಕ್ಕೆ ಬೇವಿನ ಮರದ ಕೆಳಗೆ, ಅರಿಶಿನ ಬಳಿದ ಕಲ್ಲಿನೆದುರು ನಿಲ್ಲಿಸಿ, ತಾನೇ ಮೊದಲು ಇಳಿದು ಚಪ್ಪಲಿ ಬಿಟ್ಟು ಕೈಮುಗಿದ. ಪಾಠ ಹೇಳುವವಳ ಚಟ, ನಾನು ಉಚ್ಚಾರಣೆ ತಿದ್ದಲು ಹೋದೆ. “ಅಮ್ಮನ್ ಅಲ್ಲಪ್ಪ, ಮನ್.”

“ಮನ್ ಅಂದ್ರೂ ಅಮ್ಮನ್ ಅಂದ್ರೂ ಒಂದೇ ಅಕ್ಕ. ತಮಿಳಲ್ಲಿ ಅಂಗೇ ಅನ್ನೋದು.”

ನಾನು ವಾದಕ್ಕೆ ಸಿದ್ಧಳಾಗುವಷ್ಟರಲ್ಲಿ ಅಮ್ಮ ಕುಂಕುಮ ಇಟ್ಟುಕೊಂಡೂ ಆಗಿತ್ತು. “ಬಂದಿದೀವಲ್ಲ, ಕೈ ಮುಗ್ದು ಓಗಾನ ಬಾರೇ. ಯಾರ್ನೂ ಬೇಜಾರ್ ಮಾಡ್ಬಾರ್ದು” ಎಂದಳು. ಹೀಗೆ ನಮ್ಮ ಮಾರ್ಮನ್ ಪರಂಪರೆಯ ಯಾತ್ರೆಯ ಮೊದಲ ತಾಣ ಮಾರಮ್ಮನ ಗುಡಿಯಾಯಿತು. ಅಮೇರಿಕದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಂದಿ ತಮ್ಮ ಹಿರಿಯರು ನಡೆದ ದಾರಿ, ಕಟ್ಟಿದ ಊರು, ತೀರಿಕೊಂಡ ಜಾಗಗಳನ್ನು ನೋಡಲು ಅಪ್ಪ ಅಮ್ಮಂದಿರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಊರೂರು ಸುತ್ತುತ್ತಾರೆಂದು ಓದಿದ್ದೇನೆ. ನಮ್ಮದು ಒಂದು ಬಾಡಿಗೆ ಮನೆ, ಒಂದು ನೀರಿನ ತೊಟ್ಟಿ, ಅಷ್ಟೇ. ಅದಕ್ಕೂ ದಾರಿ ತಪ್ಪಿತು.

ಹೊರಟ ಕಾರಣ ಹೇಳಬೇಕು. ಅಮ್ಮನ ತವರಿನ ಜಮೀನಿನ ಕಾಗದಕ್ಕೆ ವಂಶವೃಕ್ಷ ಬೇಕಾಗಿ ನಾಡಕಚೇರಿಗೆ ಹೋಗಿದ್ದೆವು. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಅಮ್ಮನಿಗೆ ಕುರ್ಚಿ ಹಾಕಿಸಿದರು. ಮಕ್ಕಳ ಹೆಸರು ಕೇಳಿದಾಗ ಅಮ್ಮ ನನ್ನ ಹೆಸರು ಹೇಳಿ, “ಇನ್ನೊಂದಕ್ಕೆ ಎಸ್ರಿಕ್ಕಿರ್ಲಿಲ್ಲ ಸಾಮಿ. ಅನ್ನೊಂದ್ ದಿನಕ್ಕೇ ಓಯ್ತು” ಎಂದಳು. ಗುಮಾಸ್ತರು ಹೆಸರಿನ ಜಾಗ ಖಾಲಿ ಬಿಟ್ಟು ಎರಡು ಸಲ ಕೀಲಿ ಒತ್ತಿ ನೋಡಿದರು. ಆಮೇಲೆ, “ಎಸ್ರಿಲ್ದಿದ್ರೆ ಕಂಪ್ಯೂಟ್ರು ತಗಳಲ್ಲಮ್ಮ” ಎಂದರು. ವೃಕ್ಷದಲ್ಲಿ ಒಂದೇ ಕೊಂಬೆ ಮುದ್ರಣವಾಯಿತು, ಅದು ನಾನು.

ನನಗೆ ಮೂರು ವರ್ಷವಿದ್ದಾಗ ಹುಟ್ಟಿದ ತಂಗಿ ಅದು. ನನಗೆ ಅದರ ನೆನಪಿದೆ: ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಮುಷ್ಟಿ. ಆದರೆ ಮೂರು ವರ್ಷದವರಿಗೆ ಅಂಥ ನೆನಪು ಉಳಿಯುವುದಿಲ್ಲವಂತೆ. ಹಾಗಾದರೆ ಆ ಹಳದಿ ಬಟ್ಟೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯಾರೋ ಹೇಳಿದ್ದಿರಬಹುದು, ಬೇರೆ ಯಾರದೋ ಮಗುವೂ ಇರಬಹುದು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಆಕರವಿಲ್ಲದೆ ಏನನ್ನೂ ನಂಬಬೇಡಿ ಎಂದು ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ. ಏಳನೇ ಕ್ಲಾಸಿನಿಂದ ದಿನಚರಿ ಬರೆಯುತ್ತೇನೆ, ಹಳೆಯದನ್ನು ತೆಗೆದು ಓದಿದರೆ ಅದನ್ನು ಬರೆದ ಹುಡುಗಿಯ ಮಾತನ್ನೂ ಪೂರ್ತಿ ನಂಬಲಾಗುವುದಿಲ್ಲ.

ಕಚೇರಿಯಿಂದ ಬಂದ ಸಂಜೆ ಅಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ ಹೇಳಿದಳು: “ಸರ್ಕಾರ ಬರೀದಿದ್ರೆ ಓಗ್ಲಿ. ಲೈನಲ್ಲಿ ಸಭೆ ಮಾಡ್ತಿದ್ದ ಆ ಎಲ್ಡರ್ರು ಬರ್ಕೊಂಡಿದ್ರಲ್ಲ, ಆ ಚೀಟಿ ಐತಾ ನೋಡ್ಕೊಂಡ್ ಬರಾನ. ಎಲ್ಲಾದ್ರೂ ಒಂದ್ಕಡೆ ಅದು ಇತ್ತು ಅಂತ ಇರ್ಬೇಕಲ್ವೇನೇ?”

ಆ ಚೀಟಿಯನ್ನು ತುಂಬಿದವಳು ನಾನೇ.

ಮೂವತ್ತು ವರ್ಷದ ಹಿಂದೆ ಅಪ್ಪ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರು, ನಾವು ನಂದಿದುರ್ಗದ ಲೈನ್ ಮನೆಯಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಇದ್ದೆವು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಐದು ಮನೆಯಲ್ಲಿ ಸೀನುತ್ತಿದ್ದರು. ಅಲ್ಲಿಗೆ ಒಂದು ದಿನ ಬಿಳಿ ಅಂಗಿ, ಕಪ್ಪು ಟೈ ತೊಟ್ಟ ಇಬ್ಬರು ತರುಣರು ಬಂದರು. ಒಬ್ಬ ಅಮೇರಿಕದವನು, ಇನ್ನೊಬ್ಬ ಕೊಯಮತ್ತೂರಿನವನು. ಇಬ್ಬರ ಎದೆಯ ಪಟ್ಟಿಯಲ್ಲೂ ಹೆಸರಿಗೆ ಮೊದಲು ‘ಎಲ್ಡರ್’ ಎಂದಿತ್ತು. ಹಾಗೆಂದರೆ ಹಿರಿಯರು. ಮೀಸೆ ನೆಟ್ಟಗೆ ಚಿಗುರದವರನ್ನು ಹಿರಿಯರೆನ್ನುವುದು ಮಾರ್ಮನ್ನರ ಪದ್ಧತಿ. ಲೈನಿನವರಿಗೆ ಅದೆಲ್ಲ ಎಲ್ಲಿ ಗೊತ್ತು, ಎಲ್ಡರ್ ಮನೆತನದ ಅಣ್ಣತಮ್ಮಂದಿರು ಎಂದು ತೀರ್ಮಾನಿಸಿದರು. ಒಬ್ಬ ಅಷ್ಟು ಬಿಳಿ, ಒಬ್ಬ ಇಷ್ಟು ಕಪ್ಪು ಹೇಗೆ ಎಂಬ ಪ್ರಶ್ನೆ ಎದ್ದಾಗ ಪಕ್ಕದ ಮನೆಯ ತಂಗಮ್ಮ, “ಅಮ್ಮಂದ್ರು ಬ್ಯಾರೆ ಬ್ಯಾರೆ ಇರ್ಬೇಕು” ಎಂದು ಬಗೆಹರಿಸಿದಳು.

ಅಮ್ಮ ಕಾಫಿ ಕೊಟ್ಟಳು. ಅವರು ಕುಡಿಯಲಿಲ್ಲ. ಟೀಯನ್ನೂ ಮುಟ್ಟಲಿಲ್ಲ. “ಯಾಕೆ, ನಮ್ಮನೆ ಲೋಟ ಆಗಲ್ವಾ?” ಎಂದು ಅಮ್ಮ ಕೇಳಿದ ದನಿಗೆ ಕೊಯಮತ್ತೂರಿನ ಹಿರಿಯ ಹೆದರಿ, ತಮ್ಮ ಧರ್ಮದಲ್ಲಿ ಕಾಫಿ ಟೀ ಇಲ್ಲವೆಂದು ವಿವರಿಸಿ, ಪ್ರಾಯಶ್ಚಿತ್ತವಾಗಿ ಮೂರು ಲೋಟ ರಾಗಿ ಅಂಬಲಿ ಕುಡಿದ. ಅಲ್ಲಿಗೆ ಅವರು ನಮ್ಮ ಮನೆಯವರಾದರು.

ಅಪ್ಪನಿಗೆ ಅವರ ಧರ್ಮದಲ್ಲಿ ಹಿಡಿಸಿದ್ದು ಒಂದೇ ಕಥೆ. ಅವರ ಮೊದಲ ಪ್ರವಾದಿಗೆ ಗುಡ್ಡವೊಂದರಲ್ಲಿ ಚಿನ್ನದ ತಗಡುಗಳು ಸಿಕ್ಕಿದವಂತೆ. ತಗಡಿನ ಮೇಲೆ ದೇವರ ಮಾತು ಕೆತ್ತಿತ್ತಂತೆ. ಓದಿಯಾದ ಮೇಲೆ ದೇವದೂತ ಬಂದು ವಾಪಸ್ ತೆಗೆದುಕೊಂಡು ಹೋದನಂತೆ. ಅಪ್ಪ ಇದನ್ನೆಲ್ಲ ಬೀಡಿ ಆರಿಸಿ ಗಮನವಿಟ್ಟು ಕೇಳಿ, “ಎಷ್ಟಡಿ ಆಳದಲ್ಲಿ ಸಿಕ್ತು?” ಎಂದರು. ಹೆಚ್ಚು ಆಳವಿರಲಿಲ್ಲ, ಒಂದು ಬಂಡೆಯ ಕೆಳಗೆ ಎಂದ ಅಮೇರಿಕದವನು. ಅಪ್ಪ ತಲೆಯಾಡಿಸಿದರು. “ನಾವು ಮೈಲಿಗಟ್ಲೆ ಕೆಳಗಿಳ್ದು ಕಲ್ಲು ಒಡ್ದು ಪುಡಿ ಮಾಡಿದ್ರೆ ಚಿಟಿಕೆ ಬತ್ತೈತೆ. ಇವ್ರಿಗೆ ತಗಡೇ ಸಿಕ್ತು. ಓಗ್ಲಿ, ವಾಪಸ್ ತಕೊಂಡೋಗೋವಾಗ ಆ ದೇವದೂತನ್ನ ಗೇಟಲ್ಲಿ ಚೆಕ್ ಮಾಡ್ಲಿಲ್ವಾ?” ಪ್ರತಿ ಪಾಳಿಯ ಕೊನೆಗೆ ಅಂಗಿ ಬಿಚ್ಚಿ ತಪಾಸಣೆ ಮಾಡಿಸಿಕೊಳ್ಳುತ್ತಿದ್ದ ಮನುಷ್ಯನಿಗೆ ಅದು ಧರ್ಮಸೂಕ್ಷ್ಮದ ಪ್ರಶ್ನೆಯೇ.

ಅಮ್ಮನಿಗೆ ಹಿಡಿಸಿದ್ದು ಬೇರೆ. ಮಾರ್ಮನ್ನರು ಸತ್ತವರ ಹೆಸರು ಬರೆದಿಡುತ್ತಾರೆ. ಸಾವಿನಾಚೆಗೂ ಕುಟುಂಬ ಒಂದಾಗಿಯೇ ಇರುತ್ತದೆಂದು ಅವರ ನಂಬಿಕೆ, ಅದಕ್ಕೆ ತಾತ ಮುತ್ತಾತಂದಿರ ಪಟ್ಟಿ ಮಾಡುತ್ತಾರೆ. ಆ ಪಟ್ಟಿಗಳನ್ನೆಲ್ಲ ಅವರ ದೇಶದಲ್ಲಿ ಬೆಟ್ಟವೊಂದಕ್ಕೆ ಸುರಂಗ ಕೊರೆದು ಒಳಗಿಟ್ಟಿದ್ದಾರಂತೆ. ಅಮ್ಮ ಕೇಳಿದ್ದು ಒಂದೇ: “ಎಳೇ ಮಗೂನೂ ಬರೀಬೋದಾ?” ಬರೆಯಬಹುದು ಎಂದರು. ಅಂದಿನಿಂದ ಒಂದು ವರ್ಷ ಅಮ್ಮ ಭಾನುವಾರ ತಪ್ಪದೆ ಅವರ ಸಭೆಗೆ ಹೋದಳು, ಕಾಫಿ ಬಿಟ್ಟಳು. ಶುಕ್ರವಾರ ಲಕ್ಷ್ಮಿಗೆ ದೀಪ ಹಚ್ಚುವುದನ್ನು ಮಾತ್ರ ಬಿಡಲಿಲ್ಲ.

ಮಾರಮ್ಮನ ಗುಡಿಯಿಂದ ಅಮ್ಮನೇ ದಾರಿ ಹೇಳಿ ಆ ಬಾಡಿಗೆ ಮನೆಗೆ ಕರೆದೊಯ್ದಳು. ನನ್ನ ನೆನಪಿನಲ್ಲಿ ಅದು ದೊಡ್ಡ ಬಂಗಲೆ, ಹಸಿರು ಬಾಗಿಲು. ಎದುರಿಗಿದ್ದದ್ದು ಎರಡು ಕೋಣೆಯ ಮನೆ, ನೀಲಿ ಬಾಗಿಲು, ಒಳಗೆ ಮೂರು ಹೊಲಿಗೆ ಯಂತ್ರ. ಬ್ಲೌಸ್ ಹೊಲಿಯುತ್ತಿದ್ದ ಹೆಂಗಸು ಅಳತೆಯ ಟೇಪು ಕೊರಳಲ್ಲೇ ಬಿಟ್ಟುಕೊಂಡು ಬಂದು, “ಯಾರ್ ವೇಣುಂ? ಯಾರ್ ಬೇಕು ನಿಮ್ಗೆ?” ಎಂದಳು. ಅಮ್ಮ ವಿಷಯ ಹೇಳಿದಳು. “ಟೈ ಕಟ್ಟೋರಾ? ಅವ್ರೋಗಿ ಕಾಲ ಆಯ್ತಲ್ಲಮ್ಮ! ಕಾಗ್ದ ಪೇಪ್ರು ಒಂದೂ ಬಿಟ್ಟಿಲ್ಲ, ಎಲ್ಲಾ ಮೂಟೆ ಕಟ್ಕೊಂಡೇ ಓದ್ರು. ಅವ್ರ ಬೀರು ಒಂದು ಬಿಟ್ಟೋದ್ರು, ಅದ್ರಲ್ಲಿ ನಾನು ಲೈನಿಂಗ್ ಬಟ್ಟೆ ಇಕ್ಕಿದೀನಿ. ನೋಡ್ತೀರಾ?” ನೋಡಿದೆವು. ಲೈನಿಂಗ್ ಬಟ್ಟೆಯೇ ಇತ್ತು. ಅಮ್ಮ ಬೀರುವಿನ ಮೇಲಿನ ಗೂಡಿಗೂ ಕೈ ಹಾಕಿ ತಡವಿದಳು, ಕೈಗೆ ಬಂದ ಧೂಳನ್ನು ಸೆರಗಿಗೆ ಒರೆಸಿಕೊಂಡಳು.

ಹಿತ್ತಿಲಲ್ಲಿ ತೊಟ್ಟಿಯಿತ್ತು. ಆ ತೊಟ್ಟಿಯ ವಿಷಯದಲ್ಲಿ ನನಗೆ ಸಂಶಯವೇ ಇರಲಿಲ್ಲ. ಅಮ್ಮ ದೀಕ್ಷಾಸ್ನಾನಕ್ಕೆಂದು ಬಿಳಿಯ ಬಟ್ಟೆಯಲ್ಲಿ ಅದರೊಳಗೆ ಇಳಿದದ್ದು, ಕೊಯಮತ್ತೂರಿನ ಹಿರಿಯ ಅವಳನ್ನು ಒಮ್ಮೆ ಪೂರ್ತಿ ಮುಳುಗಿಸಿ ಎತ್ತಿದ್ದು, ನಾನು ಹೆದರಿ ಅತ್ತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನು ಹೇಳಿದೆ.

“ನಾನೆಲ್ಲೇ ಮುಳುಗ್ದೆ?” ಎಂದಳು ಅಮ್ಮ. “ಅದು ತಂಗಮ್ಮ. ನಾನು ಟವೆಲ್ ಇಡ್ಕೊಂಡ್ ನಿಂತಿದ್ದೆ. ನನ್ನೂ ಕರುದ್ರು, ಮುಳುಗಿದ್ರೇನೆ ಪಟ್ಟಿಗೆ ಪೂರ್ತಿ ಸೇರಾದು ಅಂದ್ರು. ಮಗು ಈಗ್ಲೂ ನಂದೇ ಅಲ್ವಾ, ಅದಕ್ಯಾಕೆ ಮುಳುಗ್ಬೇಕು ಅಂದೆ.”

“ನಾನು ಅತ್ತಿದ್ದು?”

“ನಿಂಗೆ ಕಟ್ಟಿರುವೆ ಕಚ್ಚಿತ್ತು.”

ಮೂವತ್ತು ವರ್ಷ ನಾನು ಕಾಪಾಡಿಕೊಂಡು ಬಂದ ನೆನಪೊಂದು ಕಟ್ಟಿರುವೆಯ ಬಾಯಿಗೆ ಹೋಯಿತು. ಆದರೂ ಅಮ್ಮನದೇ ಸರಿ ಎನ್ನಲು ಏನು ಆಧಾರ? ತಂಗಮ್ಮನೂ ಈಗಿಲ್ಲ. ಈ ಗೊಂದಲದಲ್ಲೇ ನನಗೆ ಧೈರ್ಯ ಬಂದಿರಬೇಕು. ನೆನಪುಗಳೆಲ್ಲ ಇಷ್ಟು ಸಡಿಲವಾಗಿರುವಾಗ ನನ್ನದೊಂದನ್ನು ಬಿಚ್ಚಿದರೆ ಏನಾದೀತು ಎನ್ನಿಸಿತು. ತೊಟ್ಟಿಯ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟೆ.

ನಾನಾಗ ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ ಎಂಬ ಜಂಬ. ಎಲ್ಡರ್ ಕೊಟ್ಟ ಇಂಗ್ಲಿಷ್ ಚೀಟಿಯನ್ನು ಅಮ್ಮ ನನ್ನ ಮುಂದೆ ಇಟ್ಟಳು. ಅವಳು ಹೇಳಿದ ಹಾಗೆ ಬರೆಯುತ್ತಾ ಹೋದೆ. ಹುಟ್ಟಿದ್ದು ಯಾವಾಗ? ರಾಗಿ ಕುಯ್ಲಲ್ಲಿ. ತೀರಿಕೊಂಡದ್ದು? ಅದೇ ರಾಗಿ ಕುಯ್ಲಲ್ಲಿ. ಹೆಸರು? ಅಮ್ಮ, “ಪಾಪ ಅಂತ ಬರಿ” ಎಂದಳು. ಬರೆದೆ: ಪಿ, ಎ, ಪಿ, ಎ.

ನಮ್ಮ ಊರಿನ ಮೂರು ಭಾಷೆಯಲ್ಲೂ ಪಾಪ ಎಂದರೆ ಎಳೆಗೂಸು. ಕನ್ನಡದಲ್ಲಿ ಅದಕ್ಕೆ ಇನ್ನೂ ಎರಡು ಕೆಲಸವಿದೆ, ಮಾಡಬಾರದ್ದನ್ನು ಮಾಡಿದರೂ ಪಾಪ, ಯಾರನ್ನಾದರೂ ಕಂಡು ಮರುಗಿದರೂ ಪಾಪ. ಇಷ್ಟೆಲ್ಲ ಹೊತ್ತ ಪದ ಇಂಗ್ಲಿಷಿಗೆ ದಾಟಿದ ಕೂಡಲೇ ಅಪ್ಪನಾಗಿಬಿಡುತ್ತದೆ. ಅಮೇರಿಕದ ಎಲ್ಡರ್ ಚೀಟಿ ನೋಡಿ, ಅಮ್ಮನತ್ತ ತಿರುಗಿ, “ಯುವರ್ ಪಾಪಾ?” ಎಂದ. ಅಮ್ಮ ಕಣ್ಣು ತುಂಬಿಕೊಂಡು, “ಹೂಂ, ನಮ್ ಪಾಪ” ಎಂದಳು. ಅವನು ಬಹಳ ಗೌರವದಿಂದ ತಲೆಬಾಗಿಸಿ, ಮಕ್ಕಳ ಸಾಲಿನಲ್ಲಿದ್ದ ಹೆಸರಿಗೆ ಒಂದು ಬಾಣದ ಗುರುತು ಎಳೆದು ಮೇಲೆ, ತಂದೆಯ ಜಾಗಕ್ಕೆ ಏರಿಸಿದ. ನನಗೆ ಗೊತ್ತಾಯಿತು. ಇಂಗ್ಲಿಷ್ ತಪ್ಪಾಯಿತೆಂದು ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಆ ಬಾಣ ನಿಜವಾಗಿ ಎಳೆದನೋ, ಆಮೇಲಿನ ವರ್ಷಗಳಲ್ಲಿ ನನ್ನ ಭಯ ಎಳೆದುಕೊಂಡಿತೋ ಪ್ರಮಾಣ ಮಾಡಿ ಹೇಳಲಾರೆ. ಆದರೆ ಎಳೆದಿದ್ದರೆ, ಆ ಬೆಟ್ಟದ ಸುರಂಗದಲ್ಲಿ ನನ್ನ ತಂಗಿ ಇಂದಿಗೂ ಅಮ್ಮನ ಅಪ್ಪನಾಗಿ ಕೂತಿದೆ.

ಹೇಳಿ ಮುಗಿಸಿ ಅಮ್ಮನ ಮುಖ ನೋಡಲಾಗದೆ ತೊಟ್ಟಿಯ ಪಾಚಿ ನೋಡುತ್ತಿದ್ದೆ.

“ಅಪ್ಪ ಅಂತ ಬರ್ಕೊಂಡಿದಾರಾ?” ಎಂದಳು.

“ಅನ್ಸುತ್ತೆ ಕಣಮ್ಮ. ನಂದೇ ತಪ್ಪು.”

“ಮೊಕ ಎತ್ತೇ. ಅಂಗಾದ್ರೆ ಬರ್ಕೊಂಡಿರಾದು ನಿಜ ತಾನೆ?”

“ಬರ್ಕೊಂಡಿರೋದು ನಿಜ.”

ಅಮ್ಮ ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಹೆದರಿ ತಿರುಗಿದರೆ ನಗುತ್ತಿದ್ದಳು. “ಅನ್ನೊಂದ್ ದಿನದ್ದು. ಕುತ್ಗೆ ನಿಂತಿರ್ಲಿಲ್ಲ. ಅಲ್ಲೋಗಿ ನಮ್ಮಪ್ಪನಷ್ಟು ಬೆಳ್ದೈತಲ್ಲೇ!” ನಗು ನಿಲ್ಲಲಿಲ್ಲ. ಹೊಲಿಗೆಯ ಹೆಂಗಸು ಯಂತ್ರ ನಿಲ್ಲಿಸಿ ಇಣುಕಿ ನೋಡಿದಳು. ಅಮ್ಮನಿಗೆ ಕಣ್ಣಲ್ಲಿ ನೀರೂ ಬಂತು, ಅದು ನಗುವಿನದೇ ಎಂದು ನಾನು ಬರೆದುಕೊಂಡಿದ್ದೇನೆ. ಖಾತ್ರಿಯಿಲ್ಲ.

ಸಂಜೆ ಮಾರಿಕುಪ್ಪಂ ಕಡೆಯಿಂದ ಬಂದ ರೈಲಿನಲ್ಲಿ ಹೇಗೋ ಸೀಟು ಸಿಕ್ಕಿತು. ಎದುರಿಗೆ ಕೂತ ಹೆಂಗಸು ಬಂಗಾರಪೇಟೆ ಸಂತೆಯ ಬೀನ್ಸಿನ ದರದಿಂದ ಆರಂಭಿಸಿ, ಎರಡನೇ ಸ್ಟೇಷನ್ನಿಗೆ ನನ್ನ ಕೆಲಸ, ಮೂರನೆಯದಕ್ಕೆ ಅಮ್ಮನ ಮಂಡಿನೋವು ತಿಳಿದುಕೊಂಡು, “ಇವ್ರೊಬ್ರೇನಾ ಮಕ್ಳು?” ಎಂದು ಕೇಳಿದಳು. ಈ ಪ್ರಶ್ನೆಗೆ ಅಪರಿಚಿತರ ಮುಂದೆ ಅಮ್ಮ ಹೌದೆಂದು ತಲೆಯಾಡಿಸುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ.

“ಇಲ್ಲ, ಇಬ್ರು” ಎಂದಳು ಅಮ್ಮ. “ಇನ್ನೊಬ್ರು ಅಮೇರಿಕದಲ್ಲಿದಾರೆ.”

ನಾನು ಕಿಟಕಿಯ ಕಡೆ ತಿರುಗಿದೆ. ಹೆಂಗಸು ಸೀಟಿನಲ್ಲಿ ನೆಟ್ಟಗೆ ಕೂತಳು. “ಅಂಗಾ! ಬಂದು ಓಗಿ ಮಾಡ್ತಾರಾ?”

“ಅವ್ರು ಬರಕ್ಕಾಗಲ್ಲ. ನಾವೇ ಓಗ್ಬೇಕು.”

“ವೀಸಾ ಸಿಗಾದು ಬಾಳ ಕಷ್ಟ ಅಂತಾರಮ್ಮ, ಈಗ.”

“ನಿದಾನಕ್ಕೇ ಸಿಗ್ಲಿ ಬಿಡಿ” ಎಂದಳು ಅಮ್ಮ, ಮಂಡಿ ನೀವಿಕೊಳ್ಳುತ್ತಾ. “ಅರ್ಜೆಂಟೇನಿಲ್ಲ.”